ಮರಕ್ಕೆ ಬೆನ್ನು ಹಾಕಿದ ಮನೆ

ನನ್ನದು ಕಟಿಂಗ್ ಅಂಗಡಿ. ಲೋಕದಲ್ಲಿರುವ ಸಕಲ ತಜ್ಞರೂ ಒಂದಲ್ಲ ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು ಎದ್ದು ಹೋಗಿದ್ದಾರೆ. ಅವರೆಲ್ಲರ ತಲೆಯನ್ನೂ ನಾನು ಮುಟ್ಟಿ ನೋಡಿದ್ದೇನೆ. ಒಳಗಡೆ ಏನಿದೆಯೋ ನಾನು ಹೇಳಲಾರೆ, ಹೊರಗಡೆಯಿಂದ ಎಲ್ಲಾ ಒಂದೇ ಥರ. ಆದರೆ ನಮ್ಮ ಭಾವನಿಗೆ ಗಂಟುಬಿದ್ದ ತಜ್ಞ ಮಾತ್ರ ನನ್ನ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ಅವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಹಾಸಿಗೆ ಅಂಗಡಿಯಲ್ಲಿ ಮಾರಾಟದ ಕೆಲಸ. ಬಂದ ಗಿರಾಕಿಯನ್ನು ಮೊದಲು ಹಾಸಿಗೆಯ ಮೇಲೆ ಮಲಗಿಸಿಬಿಡುವುದು ಅವರ ಪದ್ಧತಿ. ಆಮೇಲೆ ಪಕ್ಕದಲ್ಲಿ ಕೈಕಟ್ಟಿ ನಿಂತು, "ಹತ್ತು ವರ್ಷ ಮಲಗಿ ಸಾರ್. ಎಲ್ಲಾದ್ರೂ ಒಂದು ತಗ್ಗು ಬಿದ್ರೆ ಬಂದು ನನ್ನ ಕೇಳಿ" ಎನ್ನುತ್ತಿದ್ದರು. ಈ ಮಾತು ಅವರ ನಾಲಿಗೆಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ದಾರಿಯಲ್ಲಿ ಸಿಕ್ಕವರು "ಹೇಗಿದ್ದೀರಿ?" ಅಂದರೂ "ಎಲ್ಲೂ ತಗ್ಗು ಬಿದ್ದಿಲ್ಲ" ಎಂದುಬಿಡುತ್ತಿದ್ದರು. ಒಳ್ಳೆಯ ಮನುಷ್ಯ. ಒಳ್ಳೆಯತನ ಜಾಸ್ತಿಯಾಗಿ ಬುದ್ಧಿಗೆ ಕೂರಲು ಜಾಗ ಸಿಕ್ಕಿರಲಿಲ್ಲ, ಅಷ್ಟೇ.

ಅಕ್ಕ ಕಾಯಿಲೆ ಬಿದ್ದು ವರ್ಷ ಕಳೆದಿತ್ತು. ಒಂದು ದಿನ ಡಾಕ್ಟರು ನಮ್ಮಿಬ್ಬರನ್ನೂ ವಾರ್ಡಿನ ಹೊರಗೆ ಕರೆದು ಮೆಲ್ಲಗೆ ಹೇಳಿದರು. "ಇನ್ನು ಆಸ್ಪತ್ರೆಯಲ್ಲಿ ಮಾಡೋದಕ್ಕೆ ಏನೂ ಉಳಿದಿಲ್ಲ. ಮನೆಗೆ ಕರ್ಕೊಂಡು ಹೋಗಿ. ಮನೇಲೇ ಚೆನ್ನಾಗಿ ನೋಡ್ಕೊಳ್ಳಿ."

ನಾನು ಗೋಡೆ ಹಿಡಿದು ನಿಂತೆ. ಭಾವ ಮಾತ್ರ ಡಾಕ್ಟರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿ, ಮೆಟ್ಟಿಲನ್ನು ಎರಡೆರಡಾಗಿ ಇಳಿದರು.

"ಕೇಳಿಸ್ಕೊಂಡ್ಯೇನೋ? ಆಸ್ಪತ್ರೇಲಿ ಏನೂ ಇಲ್ವಂತೆ! ನಾನು ಮೊದಲೇ ಅಂದ್ಕೊಂಡಿದ್ದೆ."

"ಭಾವ, ಅವರು ಹೇಳಿದ್ದು ಅದಲ್ಲ..."

"ಆಸ್ಪತ್ರೇಲಿ ಏನೂ ಇಲ್ಲ ಅಂದ್ಮೇಲೆ, ಇರೋದೆಲ್ಲಾ ಮನೇಲೇ ಅಂತಾಯ್ತಲ್ಲ! ಮನೆ ಸರಿಮಾಡಿದ್ರೆ ಇವಳು ಎದ್ದು ಓಡಾಡ್ತಾಳೆ. ಅಷ್ಟು ದೊಡ್ಡ ಡಾಕ್ಟರು ಸುಮ್ಮನೆ ಹೇಳ್ತಾರಾ?"

ಅವರ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಕಳೆ ಇತ್ತು. ಕತ್ತರಿ ಹಿಡಿಯುವ ಕೈ ನನ್ನದು, ಯಾರ ಯಾರದೋ ಜುಟ್ಟು ಕತ್ತರಿಸಿದ್ದೇನೆ. ಆ ಕಳೆಯನ್ನು ಕತ್ತರಿಸಲು ನನ್ನ ಕೈಯಲ್ಲಾಗಲಿಲ್ಲ.

ಇಂಥ ಹೊತ್ತಿಗೆ ಸರಿಯಾಗಿ ಆ ಬೋಳುತಲೆ ಹಾಸಿಗೆ ಅಂಗಡಿಗೆ ಬಂತು. ಒಂದಾದ ಮೇಲೊಂದು ಹಾಸಿಗೆ ಮೇಲೆ ಮಲಗಿ ನೋಡಿ, ಕೊನೆಯದರ ಮೇಲೆ ಗೊರಕೆ ಹೊಡೆದು, ಎದ್ದು, ಏನನ್ನೂ ಕೊಳ್ಳದೆ, ಭಾವನ ಮುಖವನ್ನು ದಿಟ್ಟಿಸಿ, "ಸಾರ್, ನಿಮ್ಮ ಮನೆ ಮುಂದೆ ದೊಡ್ಡ ಮರ ಇದೆಯಲ್ಲವಾ?" ಎಂದಿತಂತೆ. ಭಾವ ಅಲ್ಲೇ ಬೆವತುಹೋದರು. ಆತ ಚೀನಾದವರ ವಾಸ್ತು, ಫೆಂಗ್ ಶುಯಿ ಬಲ್ಲವನು. ಹಾಗೆಂದರೆ ಗಾಳಿ, ನೀರು ಅಂತ ಅರ್ಥವಂತೆ. ಅವತ್ತಿನಿಂದ ನಮ್ಮ ಬಾಯಲ್ಲಿ ಅವನು ಗಾಳಿನೀರಿನವನಾದ.

"ನೋಡದೇನೇ ಹೇಳಿಬಿಟ್ಟ ಕಣೋ! ಅವನಿಗೆ ಹೇಗೆ ಗೊತ್ತಾಯ್ತು?" ಎಂದರು ಭಾವ.

"ಯಾರ ಮನೆ ಮುಂದೆ ಮರ ಇಲ್ಲ ಹೇಳಿ ಭಾವ? ಇಲ್ಲ ಅಂದಿದ್ರೆ, ಅದಕ್ಕೇ ನಿಮಗೆ ಕಷ್ಟ ಅಂತಿದ್ದ."

"ನಿಂಗೆ ಎಲ್ಲಾ ತಮಾಷೆ" ಎಂದು ಭಾವ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮರ ಇದ್ದದ್ದು ನಿಜ. ಬಾಗಿಲು ತೆಗೆದರೆ ಎದುರಿಗೇ. ಅದು ಯಾವ ಜಾತಿಯ ಮರ ಅಂತ ಬೀದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಹಣ್ಣಿಲ್ಲ, ಹೇಳಿಕೊಳ್ಳುವಂಥ ಹೂವಿಲ್ಲ. ದೊಡ್ಡದು, ಅಷ್ಟೇ. ಅಕ್ಕನ ಮಂಚ ಮುಂದಿನ ಕೋಣೆಯ ಕಿಟಕಿಗೆ ತಾಗಿಕೊಂಡಿತ್ತು. ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದು ನಾನು ಅವಳನ್ನು ನೋಡಲು ಹೋದರೆ, ಅವಳ ಹತ್ತಿರ ಆ ದಿನದ ಸಮಾಚಾರವೆಲ್ಲಾ ಸಿದ್ಧವಾಗಿರುತ್ತಿತ್ತು. ಮೇಲಿನ ಕೊಂಬೆಯ ಕಾಗೆಗೂ ಕೆಳಗಿನ ಕೊಂಬೆಯ ಕಾಗೆಗೂ ಮಾತು ಬಿಟ್ಟಿದೆ. ಅಳಿಲು ಏನನ್ನೋ ಬಚ್ಚಿಟ್ಟು ಎಲ್ಲಿಟ್ಟೆ ಅಂತ ಮರೆತು ಒದ್ದಾಡುತ್ತಿದೆ. "ಥೇಟ್ ನಿಮ್ಮ ಭಾವನ ಹಾಗೆ ಕಣೋ" ಎಂದು ನಗುತ್ತಿದ್ದಳು. ನಕ್ಕರೆ ಕೆಮ್ಮು ಬರುತ್ತಿತ್ತು, ಆದರೂ ನಗುತ್ತಿದ್ದಳು.

ಗಾಳಿನೀರಿನವನು ಮನೆಗೆ ಬಂದ. ಅಂಗೈಯಷ್ಟು ಅಗಲದ ದಿಕ್ಸೂಚಿಯನ್ನು ಹೊಸ್ತಿಲ ಮೇಲಿಟ್ಟು, ಕಣ್ಣು ಮುಚ್ಚಿ, ಮೂಗಿನಿಂದ ಉಸಿರೆಳೆದ. "ಮನೆಗೆ ಬರೋ ಚೈತನ್ಯ ಎಲ್ಲಾ ಈ ಮರಕ್ಕೆ ಬಡಿದು ವಾಪಸ್ ಹೋಗ್ತಿದೆ. ಮರ ಮನೆ ಹಿಂದೆ ಇದ್ರೆ ಆಸರೆ. ಮುಂದೆ ಇದ್ರೆ ಅಡ್ಡಿ. ಬಾಣ ಬಿಟ್ಟ ಹಾಗೆ ನೇರವಾಗಿ ಹಾಸಿಗೆಗೇ ಬಂದು ನಾಟ್ತಿದೆ" ಎಂದು ಅಕ್ಕನ ಕಡೆ ಬೆರಳು ತೋರಿಸಿದ.

ಅಕ್ಕ ಬೆರಳನ್ನು ನೋಡಿದಳು, ಮರವನ್ನು ನೋಡಿದಳು. "ನಂಗೇನೂ ನಾಟಿಲ್ವಲ್ರೀ" ಎಂದಳು.

"ನಾಟಿದವರಿಗೆ ಗೊತ್ತಾಗಲ್ಲ ಅಮ್ಮಾ" ಎಂದ ಅವನು ಗಂಭೀರವಾಗಿ.

ಭಾವ ಮಾರನೆಯ ದಿನವೇ ಮರ ಕಡಿಯಲು ಅರ್ಜಿ ಕೊಟ್ಟರು. ಕೆಲವು ವಾರ ಬಿಟ್ಟು ಮರದ ಇನ್ಸ್‌ಪೆಕ್ಟರು ಬಂದು ಕಾಂಡವನ್ನು ತಟ್ಟಿ ನೋಡಿದರು.

"ಒಣಗಿದೆಯಾ?"

"ಇಲ್ಲ ಸಾರ್."

"ಕೊಂಬೆ ಮುರಿದು ಯಾರ ಮೇಲಾದರೂ ಬಿದ್ದಿದೆಯಾ?"

"ಇಲ್ಲ ಸಾರ್. ಆದರೆ ಬಾಗಿಲಿಗೆ ಎದುರಿದೆ."

"ಎದುರಿದ್ರೆ ತಪ್ಪೇನ್ರೀ? ನಮ್ಮ ಆಫೀಸಿಗೆ ಎದುರು ನಮ್ಮ ಸಾಹೇಬರ ಮನೆಯೇ ಇದೆ. ನಾವು ಸಹಿಸ್ಕೊಂಡಿಲ್ವಾ? ಮೊದಲು ಬೀಳಲಿ. ಬಿದ್ದ ತಕ್ಷಣ ಬಂದು ಹೇಳಿ, ಕಡಿಯೋದಕ್ಕೆ ಅನುಮತಿ ಕೊಡೋಣ."

ಹೀಗೆ ಹೇಳಿ, ಕಾಂಡದ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗುರುತು ಹಾಕಿ, "ಮೇಲಿನವರಿಗೆ ಕಳಿಸ್ತೀನಿ, ಕಾಯ್ತಿರಿ" ಎಂದು ಹೊರಟುಹೋದರು. ಭಾವ ಕಾಯುವ ಸ್ಥಿತಿಯಲ್ಲಿ ಇರಲಿಲ್ಲ. ಅಕ್ಕ ದಿನದಿನಕ್ಕೆ ಇಳಿಯುತ್ತಿದ್ದಳು. ಎರಡು ದಿಂಬು ಬೇಕಾಗಿದ್ದವಳಿಗೆ ಒಂದೇ ಸಾಕಾಗುತ್ತಿತ್ತು, ತಲೆ ಅಷ್ಟು ಹಗುರಾಗಿತ್ತು.

ಆಗ ಭಾವನಿಗೆ ಒಂದು ಆಲೋಚನೆ ಹೊಳೆಯಿತು. ಬೆಳಿಗ್ಗೆ ಬೆಳಿಗ್ಗೆಯೇ ನನ್ನ ಅಂಗಡಿಗೆ ಓಡಿಬಂದರು. ನಾನು ಒಬ್ಬರ ಅರ್ಧ ಗಡ್ಡ ಬೋಳಿಸಿದ್ದೆ.

"ಮರ ಹಿಂದೆ ಇದ್ರೆ ಆಸರೆ ಅಂದ ತಾನೇ? ಮರಾನ ಸರಿಸೋಕಾಗಲ್ಲ. ಮನೇನೇ ತಿರುಗಿಸಿಬಿಡೋಣ!"

ಅರ್ಧ ಗಡ್ಡದವರು ಕನ್ನಡಿಯಲ್ಲೇ ಭಾವನನ್ನು ನೋಡಿ, ಇನ್ನರ್ಧ ಬೇಡ ಅನ್ನುವ ಹಾಗೆ ಕುರ್ಚಿಯ ತುದಿಗೆ ಸರಿದರು.

ಮನೆ ತಿರುಗಿತು. ಅಂದರೆ, ಮುಂಬಾಗಿಲು ಮುಚ್ಚಿ ಅದಕ್ಕೆ ಬಟ್ಟೆಯ ಬೀರುವನ್ನು ಅಡ್ಡ ಇಟ್ಟರು. ಹೆಸರಿನ ಫಲಕವನ್ನು ಕಿತ್ತು ಹಿಂಬಾಗಿಲಿಗೆ, ಬಚ್ಚಲಿನ ಪಕ್ಕಕ್ಕೆ ಹೊಡೆದರು. ಕರೆಗಂಟೆಯೂ ಅಲ್ಲಿಗೇ ಹೋಯಿತು. ಬಂದವರು ಅಡಿಗೆಮನೆಯಲ್ಲಿ ಕೂರಬೇಕು, ಪಾತ್ರೆ ತೊಳೆಯುವುದು ಪಡಸಾಲೆಯಲ್ಲಿ. ಹಿಂದಿನದು ಮುಂದಾದ ಮೇಲೆ ಅಕ್ಕ ಹಿಂದೆ ಉಳಿಯುವುದು ಹೇಗೆ? ಅವಳ ಮಂಚವನ್ನೂ ಹಿಂದಿನ ಕೋಣೆಗೆ, ಕ್ಷಮಿಸಿ, ಮುಂದಿನ ಕೋಣೆಗೆ ಸಾಗಿಸಿದರು. ಆ ಕೋಣೆಯ ಕಿಟಕಿಯಿಂದ ಕಾಣುವುದು ಪಕ್ಕದ ಗೋಡೆ ಮಾತ್ರ. ಭಾವ ಅಂಗಡಿಯಿಂದ ತಂದ ಹೊಸ ಹಾಸಿಗೆಯನ್ನು ಹಾಸಿ, "ಒಂದು ತಗ್ಗು ಬೀಳಲ್ಲ ಕಣೇ, ಎದ್ದು ಓಡಾಡೋವರೆಗೂ ಆರಾಮಾಗಿ ಮಲಗು" ಎಂದರೆ, "ಹೂಂ ರೀ" ಎಂದಳು.

ಮೊದಲು ಸಿಕ್ಕಿಬಿದ್ದವರು ಚಿಕ್ಕಮ್ಮ. ಎಂದಿನಂತೆ ಬಂದು ಬಾಗಿಲು ಬಡಿದರು. ಒಳಗೆ ಬೀರುವಿನ ಹಿಂದಿನಿಂದ ಭಾವನ ಧ್ವನಿ ಕೇಳಿಸಿತು.

"ಚಿಕ್ಕಮ್ಮಾ, ಅದು ಹಿಂಬಾಗಿಲು! ಮುಂದುಗಡೆಯಿಂದ ಬನ್ನಿ!"

"ಮುಂದುಗಡೇನೇ ನಿಂತಿದ್ದೀನಲ್ಲಪ್ಪಾ!"

"ಅದು ಹಿಂದು ಚಿಕ್ಕಮ್ಮಾ! ಸುತ್ತಿ ಬನ್ನಿ!"

ಚಿಕ್ಕಮ್ಮ ಸುತ್ತಿ ಬಂದರು. ಓಣಿಯಲ್ಲಿ ಚರಂಡಿ ದಾಟಿ, ಯಾರದೋ ಒಣಹಾಕಿದ ಒದ್ದೆ ಸೀರೆಯೊಳಗೆ ತಲೆ ತೂರಿಸಿ, ಬಚ್ಚಲಿನ ಬಾಗಿಲಲ್ಲಿ ಪ್ರತ್ಯಕ್ಷರಾದರು. ಅಕ್ಕನ ತಲೆ ಸವರಿ, ಅವಳ ಕೈ ಹಿಡಿದು ನೋಡಿ, ಅಡಿಗೆಮನೆಗೆ ಹೋಗಿ ಅತ್ತರು. ಅಡಿಗೆಮನೆಯೇ ಈಗ ಪಡಸಾಲೆಯಾದ್ದರಿಂದ ಅಲ್ಲಿ ಎಲ್ಲರೂ ಕೂತಿದ್ದರು. ಪಾಪ, ಆ ಮನೆಯಲ್ಲಿ ಅಳಲೂ ಮರೆ ಇರಲಿಲ್ಲ.

ಇಷ್ಟಾದರೂ ಅಕ್ಕ ಏಳಲಿಲ್ಲ. ಗಾಳಿನೀರಿನವನು ಮತ್ತೆ ಬಂದು ಮೂಗಿನಿಂದ ಉಸಿರೆಳೆದು, "ಮರದ ಕಡೆಯ ಕಿಟಕಿಯಿಂದ ಇನ್ನೂ ನುಗ್ಗುತ್ತಿದೆ" ಎಂದ. ಕಿಟಕಿ ಮುಚ್ಚಿದರೆ ಮನೆಗೆ ಗಾಳಿಯೇ ಇಲ್ಲ. ಅದಕ್ಕೆ ಎಂಟು ಮೂಲೆಯ ಕನ್ನಡಿಯೊಂದನ್ನು ಕಿಟಕಿಯ ಮೇಲೆ ಹೊರಗಡೆ ಹಾಕಬೇಕಂತೆ. ಮರ ತನ್ನ ಮುಖ ತಾನೇ ನೋಡಿಕೊಂಡು ಹಿಂಜರಿಯುತ್ತದಂತೆ. ಒಂದು ಸಾಕು ಅಂದರೆ ಭಾವ ಕೇಳುವವರೇ? ನಾನು ಅಂಗಡಿಯಿಂದ ತೆಗೆದಿಟ್ಟಿದ್ದ ಎರಡು ಹಳೆಯ ದೊಡ್ಡ ಕನ್ನಡಿಗಳನ್ನೂ ಹೊತ್ತೊಯ್ದರು. ಒಂದು ಮನೆಯೊಳಗಿನ ನಡುದಾರಿ ಹಿಂದಕ್ಕೆ ತಿರುಗುವ ಮೂಲೆಯಲ್ಲಿ. ಇನ್ನೊಂದು ಅಕ್ಕನ ಮಂಚದ ಎದುರಿನ ಗೋಡೆಗೆ. "ಮೂರು ಕಾವಲು ಕಣೋ. ಹೇಗೆ ಬರುತ್ತೆ ನೋಡ್ತೀನಿ" ಎಂದರು.

ಎಂಟು ಮೂಲೆಯ ಕನ್ನಡಿಯ ಪ್ರತಾಪ ಮರಕ್ಕೆ ತಟ್ಟಿತೋ ಇಲ್ಲವೋ, ಎದುರು ಮನೆಯ ಡ್ರೈವಿಂಗ್ ಮೇಷ್ಟ್ರಿಗಂತೂ ತಟ್ಟಿತು. ಮೇಷ್ಟ್ರು ಒಬ್ಬ ದಪ್ಪ ಹೆಂಗಸಿಗೆ ಕಾರು ಕಲಿಸುತ್ತಾ ಬೀದಿಗೆ ತಿರುಗಿದರು. ಬೆಳಗಿನ ಬಿಸಿಲು ಕನ್ನಡಿಗೆ ಬಡಿದು ನೆಟ್ಟಗೆ ಆಕೆಯ ಕಣ್ಣಿಗೆ ಹೊಡೆಯಿತು. "ಬ್ರೇಕು! ಬ್ರೇಕು!" ಎಂದು ಮೇಷ್ಟ್ರು ಕೂಗಿದರು. ಆಕೆ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು, ಉಳಿದ ಕಾಲಿನಿಂದ ಸಿಕ್ಕಿದ್ದನ್ನು ಒತ್ತಿದರು. ಕಸದ ತೊಟ್ಟಿ ಮೂರು ಮನೆಯಾಚೆ ಹೋಗಿ ಬಿತ್ತು.

ಮೇಷ್ಟ್ರ ಹೆಂಡತಿ ಬಿಡುವವರಲ್ಲ. ಥಳಥಳ ಬೆಳಗಿದ ದೊಡ್ಡ ಸ್ಟೀಲ್ ತಟ್ಟೆಯೊಂದನ್ನು ತಮ್ಮ ಗೇಟಿಗೆ ನೇತುಹಾಕಿದರು. "ನಮ್ಮನೆಗೆ ಕಳಿಸಿದ್ದನ್ನ ನಾವೂ ವಾಪಸ್ ಕಳಿಸ್ತೀವಿ!" ಎಂದು ಬೀದಿಗೆಲ್ಲಾ ಕೇಳುವಂತೆ ಕೂಗಿದರು. ಆಮೇಲೆ ಬೀದಿಯಲ್ಲಿ ಬೆಳಿಗ್ಗೆ ಓಡಾಡುವವರೆಲ್ಲಾ ಹಣೆಗೆ ಕೈಯಿಟ್ಟೇ ಓಡಾಡಬೇಕಾಯಿತು. ಹೊಸಬ ಪೋಸ್ಟ್‌ಮ್ಯಾನ್ ಒಬ್ಬ ಎಲ್ಲರೂ ತನಗೇ ಸಲಾಮು ಹೊಡೆಯುತ್ತಿದ್ದಾರೆಂದು ತಿಳಿದು ತಾನೂ ಹೊಡೆಯುತ್ತಾ ಹೋದ.

ಕನ್ನಡಿ ವಿಷಯ ಅಂದಮೇಲೆ ತೀರ್ಪಿಗೆ ನನ್ನನ್ನೇ ಕರೆದರು. ಏಣಿ ಹತ್ತಿ ಕನ್ನಡಿಯನ್ನು ಆಕಾಶದ ಕಡೆಗೆ ಓರೆ ಮಾಡಿದೆ. ಇನ್ನು ಹೊಳೆದರೆ ಕಾಗೆಗಳ ಕಣ್ಣಿಗೆ ಹೊಳೆಯಬೇಕು. ತಟ್ಟೆ ಕೆಳಗಿಳಿಯಿತು. ಇಳಿಸುವಾಗ ಮೇಷ್ಟ್ರ ಹೆಂಡತಿ ಮೆಲ್ಲಗೆ, "ನಿಮ್ಮಕ್ಕ ಹೇಗಿದ್ದಾರಪ್ಪ?" ಎಂದು ಕೇಳಿದರು. ನಾನು ಏಣಿ ಮಡಿಚುತ್ತಾ ಇದ್ದುಬಿಟ್ಟೆ.

ಒಳಗೆ ಹೋದರೆ ಅಕ್ಕ ಎದುರಿನ ಕನ್ನಡಿಯನ್ನೇ ನೋಡುತ್ತಾ ಮಲಗಿದ್ದಳು. ಅದರಲ್ಲಿ ಕಾಣುತ್ತಿದ್ದದ್ದು ಅವಳ ಮುಖವೇ. ಅದನ್ನು ಯಾರಾದರೂ ಹಗಲೆಲ್ಲಾ ನೋಡಬೇಕು ಅಂದರೆ ಹೇಗೆ?

"ಲೋ, ನಿನ್ನ ಅಂಗಡೀಲಿ ಕತ್ತಿನ ಹಿಂದಿನ ಕೂದಲು ತೋರಿಸ್ತೀಯಲ್ಲ ಎಲ್ಲರಿಗೂ? ಹಿಂದೊಂದು ಕನ್ನಡಿ ಹಿಡಿದು?"

"ಹೂಂ, ತೋರಿಸ್ತೀನಿ."

"ಹಂಗೇ ನಂಗೆ ಮರ ತೋರಿಸೋ."

ನಾನು ಮಂಚದ ತುದಿಯಲ್ಲಿ ಕೂತೆ. "ಭಾವ ಅಷ್ಟೆಲ್ಲಾ ಒದ್ದಾಡ್ತಿರೋದು ಅದನ್ನ ಓಡಿಸೋಕೆ ಕಣಕ್ಕಾ. ನೀನಾದ್ರೂ ಬೇಡ ಅನ್ನಬಾರದಾ?"

"ಬೇಡ ಅಂದ್ರೆ ಆಮೇಲೆ ಅವರು ಏನು ಮಾಡ್ತಾರೆ ಹೇಳು? ಸುಮ್ಮನೆ ಕೂತ್ಕೊಂಡು ನನ್ನೇ ನೋಡ್ತಿರಬೇಕಾಗುತ್ತೆ. ಅದು ಅವರ ಕೈಲಾಗಲ್ಲ. ಮೊಳೆ ಹೊಡೀತಿರಲಿ ಬಿಡು. ಆ ಸದ್ದು ಕೇಳ್ತಿದ್ರೆ ನಂಗೂ ಧೈರ್ಯ."

ನನ್ನ ಕೆಲಸ ಶುರುವಾಯಿತು. ನಡುದಾರಿಯ ಮೂಲೆಯ ಕನ್ನಡಿಯ ಒಂದು ಬದಿಗೆ ಬೆಂಕಿಪೆಟ್ಟಿಗೆ ಸಿಕ್ಕಿಸಿ ಓರೆ ಮಾಡಿದೆ. ಆಮೇಲೆ ಮಂಚದೆದುರಿನ ಕನ್ನಡಿ ಹಿಡಿದು, ಅಂಗಡಿಯಲ್ಲಿ ಕೇಳುವ ಹಾಗೇ ಕೇಳಿದೆ, "ಕಾಣಿಸ್ತಾ?"

"ಬೀರು ಕಾಣ್ತಿದೆ. ಸ್ವಲ್ಪ ಎಡಕ್ಕೆ. ಕಿಟಕಿ ಬಂತು. ಇನ್ನೊಂಚೂರು ಬಗ್ಗಿಸು." ಆಮೇಲೆ ಮಾತು ನಿಂತಿತು. ತಿರುಗಿ ನೋಡಿದರೆ ಅಕ್ಕನ ಕಣ್ಣಲ್ಲಿ ನೀರು, ಮುಖದ ತುಂಬಾ ನಗು. "ಅಯ್ಯೋ, ಆ ಕಾಗೆಗಳು ರಾಜಿಯಾಗಿಬಿಟ್ಟಿವೆ ಕಣೋ!"

ಹೀಗೆ, ಮರವನ್ನು ತಡೆಯಲು ಭಾವ ನಿಲ್ಲಿಸಿದ್ದ ಕಾವಲಿನವರೇ ಅದನ್ನು ಕೈ ಹಿಡಿದು ಮನೆಯೊಳಗೆ ಕರೆತಂದು ಅಕ್ಕನ ಎದುರು ನಿಲ್ಲಿಸಿದರು. ಭಾವ ಎತ್ತರದ ಆಳು. ಬಾಗಿಲಲ್ಲಿ ನಿಂತರೆ ಆ ಕನ್ನಡಿಯಲ್ಲಿ ಅವರಿಗೆ ಸೂರು ಕಾಣುತ್ತಿತ್ತು, ಮರವಲ್ಲ. ದಿಂಬಿನ ಮೇಲೆ ತಲೆಯಿಟ್ಟವರಿಗೆ ಮಾತ್ರ ಅದು ಕಾಣುವುದು. ಅಕ್ಕನ ಮುಖ ಗೆಲುವಾಗಿದ್ದನ್ನು ನೋಡಿ ಭಾವ ಬೀದಿಗೆಲ್ಲಾ ಸಾರಿದರು, "ಕೆಲಸ ಮಾಡ್ತಿದೆ! ಮರ ಸೋತಿತು!" ಡ್ರೈವಿಂಗ್ ಮೇಷ್ಟ್ರಿಗೂ ಒಂದು ಕನ್ನಡಿ ಹಾಕಿಸಿಕೊಳ್ಳಲು ಹೇಳಿ ಬೈಸಿಕೊಂಡು ಬಂದರು.

ಗುಟ್ಟು ರಟ್ಟಾದದ್ದು ಒಂದು ಸಂಜೆ. ನಾನೂ ಅಲ್ಲೇ ಇದ್ದೆ. ಅಕ್ಕನಿಗೆ ಚಮಚದಲ್ಲಿ ನೀರು ಕುಡಿಸಲು ಭಾವ ಮಂಚದ ಮೇಲೆ ಬಗ್ಗಿ, ಅವಳ ಕೆನ್ನೆಯ ಹತ್ತಿರಕ್ಕೆ ತಮ್ಮ ಮುಖ ತಂದರು. ಕಣ್ಣೆತ್ತಿದವರು ಹೌಹಾರಿದರು.

"ಒಳಗೆ ಬಂದ್ಬಿಟ್ಟಿದೆ! ಅಯ್ಯಯ್ಯೋ, ಇಲ್ಲೀವರೆಗೂ ಬಂದ್ಬಿಟ್ಟಿದೆ ಕಣೋ!" ಎಂದು ಕನ್ನಡಿ ಕೀಳಲು ಓಡಿದರು.

"ಬಿಡ್ರೀ" ಎಂದಳು ಅಕ್ಕ. "ನಾನೇ ಕರೆಸಿದ್ದು."

ಭಾವ ಕನ್ನಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತರು. "ನೀನಾ? ಯಾಕೆ?"

"ನೀವು ಅಂಗಡಿಗೆ ಹೋದ್ಮೇಲೆ ಜೊತೆಗಿರುತ್ತೆ. ಅದು ನಂಗೇನೂ ಮಾಡಿಲ್ಲ ರೀ. ನಂಗೆ ಆಗ್ತಿರೋದು ಯಾರೂ ಮಾಡಿದ್ದಲ್ಲ."

ಭಾವ ಕೈ ತೆಗೆದರು. ಮಂಚದ ಪಕ್ಕದಲ್ಲಿ ಕೂತರು. ಅಲ್ಲಿಂದಾಚೆಗೆ ಅವರು ಮೊಳೆ ಹೊಡೆಯಲಿಲ್ಲ. ಗಾಳಿನೀರಿನವನು ಬಂದಾಗ, "ಇನ್ನು ಬರಬೇಡಿ ಸಾರ್" ಎಂದು ಬಚ್ಚಲಿನ ಬಾಗಿಲಿಂದಲೇ ಕಳಿಸಿದರು. ಅಂಗಡಿಗೆ ರಜೆ ಹಾಕಿ, ಅಕ್ಕ ಯಾವುದು ಆಗಲ್ಲ ಅಂದಿದ್ದಳೋ ಅದನ್ನೇ ಮಾಡಿದರು. ಸುಮ್ಮನೆ ಕೂತುಕೊಂಡು ಅವಳನ್ನೇ ನೋಡುತ್ತಿದ್ದರು.

ಮರ ಎಲೆ ಉದುರಿಸುತ್ತಿದ್ದ ದಿನಗಳಲ್ಲಿ ಅಕ್ಕ ಹೋಗಿಬಿಟ್ಟಳು.

ಅವಳನ್ನು ಹೊರಗೆ ಕರೆದೊಯ್ಯುವಾಗ ತೊಂದರೆಯಾಯಿತು. ಹಿಂದಿನ ಓಣಿ ಇಕ್ಕಟ್ಟು, ನಾಲ್ಕು ಜನ ಹೊತ್ತು ತಿರುಗಲು ಆಗುವುದಿಲ್ಲ. ಭಾವ ತಾವೇ ಹೋಗಿ ಬೀರುವಿಗೆ ಹೆಗಲು ಕೊಟ್ಟರು. ಡ್ರೈವಿಂಗ್ ಮೇಷ್ಟ್ರು ಇನ್ನೊಂದು ಕಡೆ ಹಿಡಿದರು. ಬಾಗಿಲು ತೆರೆಯಿತು. ಅಕ್ಕ ಮರದ ಕೆಳಗಿನಿಂದಲೇ ಹೋದಳು. ಒಂದೆರಡು ಎಲೆ ಅವಳ ಮೇಲೆ ಬಿದ್ದವು. ಯಾರೋ ತೆಗೆಯಲು ಹೋದರೆ ಭಾವ ಬೇಡ ಎಂದರು.

ಸರ್ಕಾರ ಯಾರ ಕೆಲಸವನ್ನೂ ಮರೆಯುವುದಿಲ್ಲ, ಹೊತ್ತು ಮಾತ್ರ ನೋಡುವುದಿಲ್ಲ. ಕೆಲವು ವಾರಗಳ ನಂತರ ಇನ್ಸ್‌ಪೆಕ್ಟರು ಲಾರಿ, ಹಗ್ಗ, ಗರಗಸ, ಆಳುಗಳ ಸಮೇತ ಬಂದಿಳಿದರು. "ಸ್ಪೆಷಲ್ ಕೇಸ್ ಅಂತ ಮಾಡಿಸಿದ್ದೀನಿ! ಬಾಗಿಲೆದುರಿನ ಮರ ತಾನೇ? ಕಡಿಯೋಕೆ ಹೇಳಿ!"

ಭಾವ ಹೊಸ್ತಿಲಲ್ಲಿ ನಿಂತಿದ್ದರು. ಗಡ್ಡ ಬೆಳೆದಿತ್ತು. ಬೋಳಿಸ್ತೀನಿ ಬನ್ನಿ ಅಂತ ಕರೆದರೂ ಬಂದಿರಲಿಲ್ಲ.

"ಇದು ಬಾಗಿಲೆದುರಿನ ಮರ ಅಲ್ಲ ಸಾರ್. ಹಿಂದಿನ ಮರ. ಇದು ನಮ್ಮ ಹಿತ್ತಿಲು."

"ಏನ್ರೀ ಹೀಗಂದ್ರೆ? ಎದುರಿಗೇ ರಸ್ತೆ ಇದೆ!"

"ಬೇಕಾದ್ರೆ ಹೆಸರಿನ ಫಲಕ ನೋಡಿ ಬನ್ನಿ ಸಾರ್, ಆ ಕಡೆ ಇದೆ. ಹಿಂದಿರೋ ಮರ ಆಸರೆ. ಕಡೀಬಾರದು."

ಇನ್ಸ್‌ಪೆಕ್ಟರು ಸುತ್ತಲೂ ನೋಡಿದರು. ಡ್ರೈವಿಂಗ್ ಮೇಷ್ಟ್ರು ಗೇಟಿನಿಂದ ಓಡಿಬಂದು, "ಹೌದು ಸಾರ್, ಇದು ಹಿತ್ತಿಲೇ. ನಾನು ಅವರ ಎದುರು ಮನೆಯವನು, ಅಲ್ಲಲ್ಲ, ಹಿಂದಿನ ಮನೆಯವನು" ಎಂದು ಸಾಕ್ಷಿ ಹೇಳಿದರು. ಅವರ ಹೆಂಡತಿ ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತರು. ಅಂಥ ಹೆಂಗಸು ಒಮ್ಮೆ ನಿಂತರೆ ಯಾವ ಇಲಾಖೆಯೂ ಕದಲಿಸಲಾರದು. ಲಾರಿ ಖಾಲಿ ಹೋಯಿತು.

ಒಳಗೆ ಬಂದ ಭಾವ ನೇರ ಹಿಂದಿನ ಕೋಣೆಗೆ ಹೋದರು. ಅಕ್ಕ ಹೋದ ಮೇಲೆ ಆ ಮಂಚದ ಮೇಲೆ ಯಾರೂ ಮಲಗಿರಲಿಲ್ಲ. ಅವರು ಮೆಲ್ಲಗೆ ಒರಗಿ, ಕನ್ನಡಿಯ ಕಡೆ ನೋಡಿದರು.

"ಕಾಣಿಸ್ತಿಲ್ಲ ಕಣೋ."

"ತಡೀರಿ ಭಾವ, ಸ್ವಲ್ಪ ಬಗ್ಗಿಸ್ತೀನಿ."

"ಮುಟ್ಟಬೇಡ!" ಎಂದು ಕೂಗಿದರು. "ಅವಳಿಗೆ ಅಂತ ಇಟ್ಟಿದ್ದು. ಹಾಗೇ ಇರಲಿ."

ಅಷ್ಟು ಎತ್ತರದ ಮನುಷ್ಯ ಕಾಲು ಮಡಚಿಕೊಂಡು, ಪಕ್ಕಕ್ಕೆ ಹೊರಳಿ, ಕೆಳಕ್ಕೆ ಜರುಗಿ, ಅವಳು ತಲೆಯಿಡುತ್ತಿದ್ದ ಜಾಗಕ್ಕೆ ತಲೆ ತಂದರು. ಅಂಗೈಯಿಂದ ಹಾಸಿಗೆಯನ್ನು ಸವರಿದರು, ಗಿರಾಕಿಗೆ ತೋರಿಸುವಾಗ ಸವರುತ್ತಿದ್ದ ಹಾಗೆಯೇ.

"ಲೋ, ಇಲ್ಲಿ ತಗ್ಗು ಬಿದ್ದಿದೆ" ಎಂದರು. "ಎಷ್ಟು ಹಗುರಾಗಿದ್ದಳು. ಆದ್ರೂ ಬಿದ್ದಿದೆ ನೋಡೋ."

ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ನನ್ನ ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರು, ಕಾಯಲಿ ಎಂದುಕೊಂಡೆ. ಭಾವ ಆ ತಗ್ಗಿನಲ್ಲಿ ಕೆನ್ನೆಯಿಟ್ಟು ಮತ್ತೆ ಕನ್ನಡಿ ನೋಡಿದರು.

"ಹಾಂ, ಈಗ ಕಾಣಿಸ್ತು" ಎಂದರು.